ಚೀಲದ ಶೇಖರಮ್ಮ ಆಗೂದಿಲ್ಲ ಅಂದದ್ದು

ಗಂಗಾವತಿಯಲ್ಲಿ ಶೇಖರಮ್ಮ ಎಂದರೆ ಯಾವ ಶೇಖರಮ್ಮ ಎಂದು ಕೇಳುತ್ತಾರೆ. ಚೀಲದ ಶೇಖರಮ್ಮ ಎಂದರೆ ಕೈಲಿದ್ದ ಕೆಲಸ ಬಿಟ್ಟು ಮನೆಯ ಬಾಗಿಲ ತನಕ ಬಂದು ತೋರಿಸಿ ಹೋಗುತ್ತಾರೆ. ಈ ಹೆಸರೇನು ಪುಕ್ಕಟೆ ಬಂದದ್ದಲ್ಲ. ಇದಕ್ಕಾಗಿ ಆಕೆ ತನ್ನ ಭಾವನ ಎದುರು ಬಾಯಿ ತೆಗೆಯಬೇಕಾಯಿತು. ಅದಕ್ಕಿಂತ ರಾಯಚೂರಿನ ತನಕ ಬರಿಗಾಲಲ್ಲಿ ನಡೆದು ಬಾ ಎಂದಿದ್ದರೆ ಆಕೆ ಸಂತೋಷದಿಂದ ಹೋಗಿಬರುತ್ತಿದ್ದಳು.

ಶೇಖರಮ್ಮ ಹುಟ್ಟಿದ್ದು ಯಲಬುರ್ಗಾ ಕಡೆಯ ಬೇವೂರಿನಲ್ಲಿ. ಅಲ್ಲಿ ಸಜ್ಜೆ ರೊಟ್ಟಿ ತಿಂದು ಬೆಳೆದವಳು ಎಪ್ಪತ್ತಾರನೇ ಇಸವಿಯಲ್ಲಿ ಗಂಗಾವತಿಗೆ ಸೊಸೆಯಾಗಿ ಬಂದಳು. ಗಂಡ ಕೊಟ್ರಬಸಪ್ಪ ಅಕ್ಕಿ ಗಿರಣಿಯ ಗುಮಾಸ್ತ. ಲಾರಿಯ ಲೋಡಿನ ಸಂಗಡ ಊರೂರು ತಿರುಗುವ ಕೆಲಸ; ಮನೆಯಲ್ಲಿ ಇದ್ದರೆ ಇದ್ದ, ಇಲ್ಲದಿದ್ದರೆ ಇಲ್ಲ. ಮನೆಗೆ ಹಿರಿಯ ಎಂದರೆ ಅವನ ಅಣ್ಣ ಅಂದಪ್ಪ. ಬಜಾರದಲ್ಲಿ ಕಿರಾಣಿ ಅಂಗಡಿ, ಊರ ತುಂಬ ಸಲಾಮು. ಅಂದಪ್ಪನ ಹೆಂಡತಿ ಪಂಪಾವತಿ ಶೇಖರಮ್ಮನಿಗೆ ನೆಗೆಣ್ಣಿಯಾದರೂ ಒಡಹುಟ್ಟಿದ ಅಕ್ಕನಿಗಿಂತ ಹೆಚ್ಚು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಆ ಮನೆಯಲ್ಲೇನು, ಆ ಓಣಿಗೆಲ್ಲ ಇತ್ತು. ಗಂಡನ ಅಣ್ಣ ಎದುರು ಬಂದರೆ ತಮ್ಮನ ಹೆಂಡತಿ ಎದ್ದು ನಿಲ್ಲಬೇಕು, ತಲೆಯ ಮೇಲೆ ಸೆರಗು ಎಳೆದುಕೊಳ್ಳಬೇಕು, ಬಾಯಿ ತೆಗೆಯಬಾರದು. ಮದುವೆಯಾಗಿ ಹತ್ತು ವರ್ಷವಾದರೂ ಶೇಖರಮ್ಮ ಭಾವನ ಜೊತೆ ಒಂದು ಮಾತು ಆಡಿರಲಿಲ್ಲ. ಸಾರಿಗೆ ಉಪ್ಪು ಸಾಕಾಯಿತೋ ಇಲ್ಲವೋ ಎಂಬುದನ್ನೂ ಪಂಪಾವತಿಯ ಬಾಯಿಂದಲೇ ಕೇಳಿಸಬೇಕು. ಹಾಗಂತ ಅಂದಪ್ಪ ಕೆಟ್ಟವನೇ? ಅಯ್ಯೋ, ಅಂಥ ಮೆತ್ತನೆಯ ಮನುಷ್ಯ ಹುಡುಕಿದರೂ ಸಿಗಲಿಕ್ಕಿಲ್ಲ. ಇದು ಅಂಜಿಕೆಯಲ್ಲ, ಮರ್ಯಾದೆ. ಮರ್ಯಾದೆ ಎಂಬುದು ಅಂಜಿಕೆಗಿಂತ ಗಟ್ಟಿ, ಬಿಡಿಸಿಕೊಳ್ಳಲು ಬರುವುದಿಲ್ಲ.

ತವರಿನಿಂದ ತಂದ ಒಂದು ಹೊಲಿಗೆ ಮಿಷನ್ನಿನ ಮೇಲೆ ಶೇಖರಮ್ಮ ಮೊದಮೊದಲು ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ಕಾಲುವೆ ನೀರಿನ ಊರು, ಎಲ್ಲಿ ನೋಡಿದರೂ ಭತ್ತ. ಕೃಷಿ ಇಲಾಖೆಯವರು ರೈತರಿಗೆ ಬಿತ್ತನೆ ಬೀಜ ಹಂಚುವುದಕ್ಕೆ ಬಟ್ಟೆಯ ಚೀಲ ಬೇಕು. ಆ ಚೀಲದ ಗುತ್ತಿಗೆ ಹಿಡಿದಿದ್ದ ಪರಊರಿನ ಒಬ್ಬ ಗುತ್ತಿಗೆದಾರ ಹೊಲಿಯುವ ಕೆಲಸವನ್ನು ಇವಳಿಗೆ ಕೊಟ್ಟ. ಮನೆಯ ಹಿತ್ತಲಿನ ಗೋದಾಮಿನಲ್ಲಿ ಒಂದು ಮಿಷನ್ನು ಇದ್ದದ್ದು ಆರಾಯಿತು. ಗಂಡ ತೀರಿಕೊಂಡಿದ್ದ ಗೌಸಬೀ ಬಂದಳು, ಕೂಲಿಗೆ ಹೋಗುತ್ತಿದ್ದ ಯಮನೂರಮ್ಮ ಬಂದಳು, ಅವರ ಹಿಂದೆ ಇನ್ನೂ ಕೆಲವರು ಬಂದರು. ದಪ್ಪ ಕೋರಾ ಬಟ್ಟೆ ಕತ್ತರಿಸುವುದು, ಅಂಚಿಗೆ ಎರಡು ಹೊಲಿಗೆ ಹಾಕುವುದು, ಬಾಯಿಗೆ ದಾರ ಪೋಣಿಸುವುದು. ಕೆಲಸಕ್ಕಿಂತ ಮಾತು ಜಾಸ್ತಿ, ಮಾತಿಗಿಂತ ನಗೆ ಜಾಸ್ತಿ. ಅಷ್ಟಾದರೂ ಚೀಲ ಹೇಳಿದ ದಿನಕ್ಕೆ ಮುಟ್ಟುತ್ತಿತ್ತು.

ಎಂಬತ್ತಾರರಲ್ಲಿ ಆ ಗುತ್ತಿಗೆದಾರ ಒಂದು ಮಾತೂ ಹೇಳದೆ ಕೆಲಸವನ್ನು ಬೇರೆ ಊರಿಗೆ ಎತ್ತಿಕೊಂಡು ಹೋದ. ಅವನ ಹೊಟ್ಟೆ ತಣ್ಣಗಿರಲಿ! ಗೋದಾಮಿನಲ್ಲಿ ಮಿಷನ್ನುಗಳು ಬಟ್ಟೆ ಹೊದ್ದು ಕುಳಿತವು. ಅಂದಪ್ಪ ಪಾಪ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಅಂಗಡಿಯ ಬೆಲ್ಲದ ಪೆಂಟಿ ಇಡಲು ಜಾಗವಿಲ್ಲವೆಂದು ಪಂಪಾವತಿಯ ಹತ್ತಿರ ಎರಡು ಮೂರು ಸಲ ಗೊಣಗಿದ್ದ. ದೀಪಾವಳಿಯೊಳಗೆ ಕೆಲಸ ಸಿಗದಿದ್ದರೆ ಗೋದಾಮು ಬೆಲ್ಲಕ್ಕೆ, ಹೆಂಗಸರು ಮತ್ತೆ ಕಂಡವರ ಮನೆಯ ಮುಸುರೆಗೆ. ಶೇಖರಮ್ಮನಿಗೆ ಅನ್ನ ಸೇರದಾಯಿತು.

ಆಗ ಗೌಸಬೀ ಎಲ್ಲಿಂದಲೋ ಸುದ್ದಿ ತಂದಳು. ಗುತ್ತಿಗೆದಾರ ಯಾಕೆ ಬೇಕು, ಹೆಂಗಸೇ ಮಾಲಕಿಯಾಗಿ ನಡೆಸುವ ಸಣ್ಣ ಉದ್ಯೋಗ ಎಂದು ರಾಯಚೂರಿನ ಕೈಗಾರಿಕಾ ಕಚೇರಿಯವರು ಸರ್ಟಿಫಿಕೇಟು ಕೊಟ್ಟರೆ ಇಲಾಖೆಯವರು ನೇರವಾಗಿ ನಮಗೇ ಕೆಲಸ ಕೊಡುತ್ತಾರೆ ಎಂದಳು. ಕೊಟ್ರಬಸಪ್ಪ ಲೋಡಿನ ಮಧ್ಯೆ ಬಂದವನು ಅರ್ಜಿ ಬರೆದುಕೊಟ್ಟ. ಶೇಖರಮ್ಮ ಸಹಿ ಹಾಕಿದಳು. ಇನ್ನು ಸಾಹೇಬರು ಒಮ್ಮೆ ಬಂದು ಕಣ್ಣಾರೆ ನೋಡಿ ಹೋಗುವುದೊಂದು ಬಾಕಿ.

ಸಾಹೇಬರ ಹೆಸರು ಯಂಕೋಬರಾವ. ಸಣಕಲು ದೇಹ, ಕೈಯಲ್ಲಿ ಚರ್ಮದ ಚೀಲ, ಮುಖದಲ್ಲಿ ಯಾರನ್ನೂ ನಂಬದ ಒಂದು ಕಳೆ. ಅವರು ನಂಬದಿರುವುದಕ್ಕೆ ಕಾರಣವೂ ಇತ್ತು. ಹೆಂಗಸರಿಗೆ ಸವಲತ್ತು ಎಂದದ್ದೇ ತಡ, ಊರೂರಿನ ಗಂಡಸರು ಹೆಂಡತಿಯ ಹೆಸರು ಮುಂದೆ ಮಾಡಿ ತಾವು ಹಿಂದೆ ಕುಳಿತು ದಂಧೆ ನಡೆಸತೊಡಗಿದ್ದರು. ಹೀಗಾಗಿ ಯಂಕೋಬರಾವ ಎಲ್ಲಿ ಹೋದರೂ ಮೊದಲು ನೋಡುತ್ತಿದ್ದದ್ದು ಮಿಷನ್ನನ್ನಲ್ಲ, ಹಿಂದೆ ಯಾರು ಕುಳಿತಿದ್ದಾರೆ ಎಂಬುದನ್ನು.

ಅವರು ಬಂದ ದಿನ ಅಂದಪ್ಪ ಅಂಗಡಿ ಬಿಟ್ಟು ಓಡಿ ಬಂದ. ಮನೆಗೆ ಸರಕಾರದ ಮನುಷ್ಯ ಬಂದಾಗ ಗಂಡಸು ಇಲ್ಲದಿದ್ದರೆ ಹೇಗೆ! ಅವನು ಗೋದಾಮಿಗೆ ಕಾಲಿಟ್ಟದ್ದೇ ತಡ, ಸಾಹೇಬರಿಗೆ ತೋರಿಸಲೆಂದು ಮಿಷನ್ನಿಗೆ ಕುಳಿತಿದ್ದವರೆಲ್ಲ ಎದ್ದು ಗೋಡೆಗೆ ಮುಖ ಮಾಡಿ ನಿಂತರು. ಶೇಖರಮ್ಮ ಸೆರಗು ಎಳೆದುಕೊಂಡು ಚಹಾ ಮಾಡಲು ಒಳಗೆ ಹೋದಳು. ಸಾಹೇಬರು ಕೇಳಿದ್ದಕ್ಕೆಲ್ಲ ಅಂದಪ್ಪನೇ ಉತ್ತರ ಕೊಟ್ಟ. ಬಟ್ಟೆ ಎಲ್ಲಿಂದ, ಮಿಷನ್ನು ಯಾವಾಗ, ಕೂಲಿ ಹೇಗೆ. ಗೊತ್ತಿದ್ದದ್ದನ್ನೂ ಹೇಳಿದ, ಗೊತ್ತಿಲ್ಲದ್ದನ್ನು ಇನ್ನೂ ಚೆನ್ನಾಗಿ ಹೇಳಿದ. ಅಡುಗೆಮನೆಯಲ್ಲಿ ಶೇಖರಮ್ಮ, ಭಾವ ಇದ್ದಾನಲ್ಲ, ಇನ್ನು ಚಿಂತೆಯಿಲ್ಲ ಎಂದು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು. ಯಂಕೋಬರಾವ ಚಹಾ ಕುಡಿದು, ಗಣಪತಿಯ ಫೋಟೋಕ್ಕೆ ಕೈಮುಗಿದು ಹೋದರು. ವಾರ ಕಳೆದು ಉತ್ತರ ಬಂತು: ಉದ್ಯೋಗ ಹೆಂಗಸಿನದಲ್ಲ, ಅರ್ಜಿ ವಜಾ.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಅಂದಪ್ಪನಿಗೆ ಯಾರು ಹೇಳಬೇಕು? ಶೇಖರಮ್ಮ ಎರಡು ದಿನ ಅತ್ತಳು. ಮೂರನೇ ದಿನ ಗೌಸಬೀ ಬಂದು, ಅತ್ತರೆ ಚೀಲ ಹೊಲಿದಂತಾಗುವುದಿಲ್ಲ, ಏಳು ಎಂದು ಬಸ್ಸು ಹತ್ತಿಸಿದಳು. ರಾಯಚೂರಿನ ಕಚೇರಿಯ ಬೆಂಚಿನ ಮೇಲೆ ಇಬ್ಬರೂ ಮಧ್ಯಾಹ್ನದ ತನಕ ಕುಳಿತರು. ಯಂಕೋಬರಾವ ಹೊರಗೆ ಬಂದು, ನಾನು ಹೋದಾಗ ನೀವು ಎಲ್ಲಿದ್ದಿರಿ ಎಂದು ಕೇಳಿದರು. ಚಹಾ ಮಾಡುತ್ತಿದ್ದೆ ಎಂದಳು ಶೇಖರಮ್ಮ. ಸಾಹೇಬರಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಕೊನೆಗೆ, ದೀಪಾವಳಿಗೆ ಮುಂಚೆ ಇನ್ನೊಮ್ಮೆ ಬರುತ್ತೇನೆ, ಈ ಸಲ ನೀವೇ ಮಾತಾಡಬೇಕು, ಇಲ್ಲದಿದ್ದರೆ ಮತ್ತೆ ಬರುವುದಿಲ್ಲ ಎಂದರು.

ಪಂಪಾವತಿ ಗಂಡನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು. ಅಂದಪ್ಪ ಪಾಪ ಮುಖ ಸಣ್ಣದು ಮಾಡಿಕೊಂಡ. ತನ್ನಿಂದಲೇ ಕೆಲಸ ಕೆಟ್ಟಿತಲ್ಲ ಎಂದು ಆ ದಿನ ಅಂಗಡಿಗೂ ಹೋಗಲಿಲ್ಲ. ಈ ಸಲ ಬಾಯಿಗೆ ಬೀಗ ಎಂದು ಕುಲದೇವರ ಆಣೆ ಮಾಡಿದ. ಹಾಗಾದರೆ ಆ ದಿನ ಅಂಗಡಿಯಲ್ಲೇ ಇರಿ ಎಂದಳು ಪಂಪಾವತಿ. ಅದು ಮಾತ್ರ ಅವನಿಂದ ಆಗಲಿಲ್ಲ. ಬಂದವರಿಗೆ ಖುರ್ಚಿ ಕೊಡುವವರು ಯಾರು?

ಸಾಹೇಬರು ಬಂದರು. ಅಂದಪ್ಪ ಖುರ್ಚಿ ಕೊಟ್ಟು, ಮೂಲೆಯ ಬಟ್ಟೆಯ ಗಂಟಿನ ಮೇಲೆ ಮೂಗನಂತೆ ಕುಳಿತ. ಶೇಖರಮ್ಮ ಬಾಗಿಲ ತೋಳು ಹಿಡಿದು ನಿಂತಳು. ಯಂಕೋಬರಾವ ಒಂದೊಂದಾಗಿ ಕೇಳಿದರು. ಅವಳಿಗೆ ಎಲ್ಲ ಗೊತ್ತು, ಆದರೆ ಭಾವ ಅಲ್ಲೇ ಇದ್ದಾನೆ. ಹೂಂ ಎಂದರೆ ಸೆರಗಿಗೆ ಕೇಳಬೇಕು, ಉಹೂಂ ಎಂದರೆ ಅದಕ್ಕೂ ಕೇಳದು. ಸಾಹೇಬರು ಪೆನ್ನು ಹಿಡಿದವರು ಬರೆಯದೆ ಕುಳಿತರು. ಗೌಸಬೀ ಹಿಂದಿನಿಂದ ತಿವಿದಳು. ಶೇಖರಮ್ಮನ ಜೀವ ಬಾಯಿಗೆ ಬಂದಿತ್ತು, ಮಾತು ಮಾತ್ರ ಬರಲಿಲ್ಲ.

ಕಡೆಗೆ ಯಂಕೋಬರಾವ ಎದ್ದು ಹೋಗುವವರಂತೆ ತಮ್ಮ ಚರ್ಮದ ಚೀಲ ಎತ್ತಿಕೊಂಡು ಇನ್ನೊಂದು ಪ್ರಶ್ನೆ ಕೇಳಿದರು. ಬೇಸಿಗೆ ಬೆಳೆಯ ಬೀಜಕ್ಕೆ ಇಲಾಖೆಯವರು ಈ ಸಲ ದುಪ್ಪಟ್ಟು ಚೀಲ ಕೇಳಬಹುದು, ಅದೂ ದೀಪಾವಳಿ ಕಳೆದ ತಿಂಗಳಲ್ಲೇ, ಆದೀತೇ?

ಅಂದಪ್ಪ ಹುಟ್ಟು ವ್ಯಾಪಾರಿ. ಬಾಗಿಲಿಗೆ ಬಂದ ಗಿರಾಕಿಗೆ ಇಲ್ಲ ಎನ್ನಬಾರದು ಎಂದು ತಂದೆಯಿಂದ ಕಲಿತವನು. ಅಂಗಡಿಯಲ್ಲಿ ಇಲ್ಲದ ಸಾಮಾನನ್ನೂ ನಾಳೆ ಬರುತ್ತದೆ ಎಂದು ಹೇಳಿ ಅಭ್ಯಾಸವಾದವನು. ಕುಲದೇವರ ಆಣೆ ಎಲ್ಲಿ ಹೋಯಿತೋ, ಗಂಟಿನ ಮೇಲಿಂದ ಎದ್ದೇಬಿಟ್ಟ.

"ಅದಕ್ಕೇನ್ರಿ ಸಾಹೇಬ್ರ, ಆತು ಅಂತ ಬರಕೋರಿ. ಹಗಲೂ ರಾತ್ರಿ ಹೊಲಸಿ ಕೊಡ್ತೀವಿ" ಎಂದ.

ಪಂಪಾವತಿ ಅಡುಗೆಮನೆಯಲ್ಲಿ ಹಣೆ ಹಣೆ ಬಡಿದುಕೊಂಡಳು. ಸಾಹೇಬರು ಅಂದಪ್ಪನನ್ನು ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು. ಆಯಿತು, ಎಲ್ಲ ಮುಗಿಯಿತು ಎಂದುಕೊಂಡಳು ಗೌಸಬೀ.

ಆದರೆ ಶೇಖರಮ್ಮನಿಗೆ ಆಗ ಸರ್ಟಿಫಿಕೇಟಿನ ನೆನಪೂ ಇರಲಿಲ್ಲ. ದೀಪಾವಳಿ ಕಳೆದರೆ ಭತ್ತದ ಕೊಯ್ಲು. ಕೊಯ್ಲಿಗೆ ಹೋದರೆ ಕೂಲಿಯ ಜೊತೆ ಮನೆಗೆ ವರ್ಷದ ಕಾಳು. ಈ ಹೆಂಗಸರಿಗೆ ಆ ತಿಂಗಳು ಸರದಿಯ ಮೇಲೆ ಗದ್ದೆಗೆ ಹೋಗಿ ಬನ್ನಿ ಎಂದು ಅವಳೇ ಮಾತು ಕೊಟ್ಟಿದ್ದಳು. ಕೊಟ್ಟ ಮಾತನ್ನು ಇನ್ನೊಬ್ಬರು ಬಂದು ಮಾರುತ್ತಿದ್ದಾರೆ ಎಂದಾಗ ಅವಳ ಮೈ ಉರಿಯಿತು. ಬಾಗಿಲ ತೋಳು ಬಿಟ್ಟು ಮುಂದೆ ಬಂದಳು.

"ಆಗೂದಿಲ್ರಿ ಭಾವಾರ."

ಅಂದಪ್ಪ ಯಾರು ಮಾತಾಡಿದರು ಎಂದು ಸುತ್ತಲೂ ನೋಡಿದ.

"ಕೊಯ್ಲಿಗೆ ಹೋಗ್ರಿ ಅಂತ ಇವರಿಗೆ ನಾನು ಮಾತು ಕೊಟ್ಟೀನಿ. ರಾತ್ರಿ ನಾ ಯಾರನ್ನೂ ಕುಂದ್ರಸಂಗಿಲ್ಲ" ಎಂದವಳು ಸಾಹೇಬರ ಕಡೆ ತಿರುಗಿದಳು. "ಹೋದ ವರ್ಷದಷ್ಟು ಚೀಲ ಕೊಡ್ತೀನ್ರಿ. ದುಪ್ಪಟ್ಟು ಬೇಕಂದ್ರ ಸಂಕ್ರಾಂತಿ ತನಕ ಕಾಯಬೇಕು. ಅವಸರದಾಗ ಒಂದ ಹೊಲಿಗಿ ಹಾಕಿ ಕೊಟ್ರ ದಾರ್‍ಯಾಗ ಬೀಜ ಸೋರತಾವು. ಬೈಯೋದು ನನ್ನ."

ಹೇಳಿ ಮುಗಿಸಿದ ಮೇಲೆ ತಾನು ಏನು ಮಾಡಿದೆ ಎಂಬುದು ಅವಳಿಗೆ ತಿಳಿಯಿತು. ಪರರ ಎದುರು, ಮನೆಯ ಹಿರಿಯನ ಮಾತನ್ನು ತೆಗೆದುಹಾಕಿದ್ದಳು. ಕೆಲಸವೂ ಹೋಯಿತು, ಮನೆಯ ಮರ್ಯಾದೆಯೂ ಹೋಯಿತು ಎಂದುಕೊಂಡಳು. ಸೆರಗು ಜಾರಿ ಭುಜಕ್ಕೆ ಬಂದಿತ್ತು, ಎಳೆದುಕೊಳ್ಳಲು ಕೈ ಏಳಲಿಲ್ಲ.

ಅಂದಪ್ಪನ ಮುಖಕ್ಕೇರಿದ್ದ ಕೆಂಪು ಮೆಲ್ಲಗೆ ಇಳಿಯಿತು. ಆಮೇಲೆ ಸಾಹೇಬರಿಗೆ ಕೈಮುಗಿದು ಹೇಳಿದ:

"ಸಾಹೇಬ್ರ, ಹತ್ತು ವರ್ಷ ಆತು ಈಕಿ ನಮ್ಮ ಮನಿಗೆ ಬಂದು. ನನ್ನ ಮುಂದ ಹಸಿವು ಅಂತ ಸೈತ ಬಾಯಿ ತೆಗದಾಕಿ ಅಲ್ಲ. ಇವತ್ತ ನನ್ನ ಮಾತು ಮುರದಾಳ. ಇದು ನನ್ನ ಕಾರಖಾನಿ ಆಗಿದ್ರ ಮುರೀತಿದ್ದಳೇನ್ರಿ? ನಾನು ಬರೇ ಖುರ್ಚಿ ಕೊಡಾಕ ಬಂದಾಂವ."

ಯಂಕೋಬರಾವ ನಗಲಿಲ್ಲ. ಅಂಥ ಮನುಷ್ಯ ನಗುವುದಿಲ್ಲ. ಮತ್ತೆ ಖುರ್ಚಿಯ ಮೇಲೆ ಕುಳಿತು ಪೆನ್ನಿನ ಮುಚ್ಚಳ ತೆಗೆದರು. ಇಂಥ ಜಾಗಗಳಿಗೆ ಹೋದಾಗ ಎಲ್ಲ ಹೆಂಗಸರೂ ಎಲ್ಲದಕ್ಕೂ ಹೂಂ ಅನ್ನುತ್ತಾರೆ, ಹಿಂದಿರುವವರು ಹಾಗೆ ಕಲಿಸಿ ಕಳಿಸಿರುತ್ತಾರೆ, ಆಗುವುದಿಲ್ಲ ಎಂದವರನ್ನು ಇವತ್ತೇ ಕಂಡದ್ದು ಎಂದು ಬರೆಯುತ್ತಲೇ ಹೇಳಿದರು. ಹಾಳೆಯ ಕೆಳಗೆ ಸಹಿ ಹಾಕಿ, ಈ ಸಲ ಚಹಾ ಬೇಡವೆಂದು ಎದ್ದು ಹೋದರು. ಅವರು ಓಣಿಯ ತಿರುವು ದಾಟುವ ತನಕ ಸುಮ್ಮನಿದ್ದ ಗೌಸಬೀ, ಯಾ ಅಲ್ಲಾ ಎಂದು ನೆಲದ ಮೇಲೆ ಕುಳಿತುಬಿಟ್ಟಳು. ಯಮನೂರಮ್ಮ ಅಳುತ್ತಲೇ ನಕ್ಕಳು.

ದೀಪಾವಳಿಯ ಹಿಂದಿನ ದಿನ ಸರ್ಟಿಫಿಕೇಟು ಟಪಾಲಿನಲ್ಲಿ ಬಂತು. ಕೊಟ್ರಬಸಪ್ಪ ಊರಲ್ಲೇ ಇದ್ದ. ಮಾಲಕಿ ಶ್ರೀಮತಿ ಶೇಖರಮ್ಮ ಎಂಬುದನ್ನು ಪಂಪಾವತಿಯ ಒತ್ತಾಯಕ್ಕೆ ಮೂರು ಸಲ ಓದಿದ. ಶೇಖರಮ್ಮ ಕೇಳಿದಳು, ಎದೆಯ ಮೇಲಿನ ಬಂಡೆ ಇಳಿಸಿದಂತೆ ಒಂದು ಉಸಿರು ಬಿಟ್ಟಳು. ಹಬ್ಬದ ಕೆಲಸ ರಾಶಿ ಬಿದ್ದಿತ್ತು. ಒಂದು ಚಣ ಅಡ್ಡಾಗುತ್ತೇನೆ ಎಂದು ಗೋದಾಮಿಗೆ ಹೋಗಿ ಕೋರಾ ಬಟ್ಟೆಯ ಮೇಲೆ ಮಲಗಿದವಳಿಗೆ, ಎಷ್ಟೋ ತಿಂಗಳಿಂದ ಬರದಿದ್ದ ನಿದ್ದೆಯೆಲ್ಲ ಒಟ್ಟಿಗೆ ಬಂತು.

ಅದೇ ಹೊತ್ತಿಗೆ ಕೃಷಿ ಇಲಾಖೆಯ ಜವಾನ ಚೀಲದ ಮಾತಾಡಲು ಬಂದ. ಪಂಪಾವತಿ ಎಬ್ಬಿಸಲು ಹೊರಟಳು. ಕಟ್ಟೆಯ ಮೇಲೆ ಕುಳಿತಿದ್ದ ಅಂದಪ್ಪ ಕೈ ಅಡ್ಡ ಮಾಡಿ ಹೆಂಡತಿಯನ್ನು ತಡೆದ. ಜನ್ಮದಲ್ಲಿ ಗಿರಾಕಿಯನ್ನು ಬಾಗಿಲಿಂದ ತಿರುಗಿ ಕಳಿಸದ ಮನುಷ್ಯ ಜವಾನನಿಗೆ ದನಿ ಇಳಿಸಿ ಹೇಳಿದ:

"ಮಾಲಕ್ರು ಮಲಗ್ಯಾರ. ಎದ್ದ ಮ್ಯಾಲ ಬರ್ರಿ."