ಮೇಷ್ಟ್ರು ಹೇಳಿದ ಸತ್ಯ

ಅಂಗಡಿಯವನು ಹೊಸ ಚಾಪೆಯೊಂದನ್ನು ಬಿಚ್ಚಿ ತೋರಿಸಿದ. ಒಣ ಹುಲ್ಲಿನ ಆ ವಾಸನೆಗೆ ದುರ್ಗಿಗುಡಿಯ ನಮ್ಮ ಪಕ್ಕದ ಮನೆಯ ಮೇಷ್ಟ್ರು ನೆನಪಾದರು. ನೆನಪಿನ ಜೊತೆಗೆ ಹಳೆಯ ಸಿಟ್ಟೂ ಬಂತು.

ಐವತ್ತರ ದಶಕದ ಕೊನೆಯ ವರ್ಷಗಳು. ಶಾಲೆಯಿಂದ ನಿವೃತ್ತರಾಗಿದ್ದ ಅವರು ಬೆಳಿಗ್ಗೆ ತಮ್ಮ ಹಜಾರದಲ್ಲಿ ಚಾಪೆ ಹಾಸಿ ಅಕ್ಕನಿಗೂ ನನಗೂ ಯೋಗ ಕಲಿಸುತ್ತಿದ್ದರು. ಆಸನಕ್ಕೆ ಮೊದಲು ಐದು ಯಮಗಳನ್ನು ಹೇಳಲೇಬೇಕು: ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ. ಅಸ್ತೇಯವೆಂದರೆ ಕದಿಯದಿರುವುದು ಎಂದು ದಿನವೂ ಬಿಡಿಸಿ ಹೇಳುತ್ತಿದ್ದರು. ನನಗೋ ಬೇಸರ. ಅಕ್ಕ ಮಾತ್ರ ಕಣ್ಣು ಮುಚ್ಚಿ ಶ್ರದ್ಧೆಯಿಂದ ಹೇಳುತ್ತಿದ್ದಳು.

ಅಕ್ಕನಿಗೆ ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತು. ನಿಂತು ಏಳೆಂಟು ವರ್ಷಗಳಾಗಿದ್ದರೂ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಭದ್ರಾವತಿಯಿಂದ ಅವಳನ್ನು ನೋಡಲು ಬಂದರು. ಹುಡುಗ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ. ಒಪ್ಪಿಗೆಯಾಯಿತು, ಮುಂದಿನ ಭಾನುವಾರ ನಾವು ಅವರ ಮನೆಗೆ ಹೋಗುವುದೆಂದೂ ಆಯಿತು. ಹೊರಡುವಾಗ ಹುಡುಗನ ತಂದೆ ಗೇಟಿನ ಬಳಿ ಮೇಷ್ಟ್ರನ್ನು ಕಂಡು, "ಹುಡುಗಿ ಆರೋಗ್ಯ ಎಲ್ಲಾ ಸರಿನಾ?" ಎಂದು ಕೇಳಿದರು. ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು... ಮೂರನೆಯ ದಿನ ಸಂಬಂಧ ಬೇಡವೆಂದು ಕಾಗದ ಬಂತು.

ಅಮ್ಮ ಅತ್ತಳು. ನಾನು ಜಗಳಕ್ಕೆಂದೇ ಪಕ್ಕದ ಮನೆಗೆ ಹೋದೆ. ಅಕ್ಕನೂ ಹಿಂದೆ ಬಂದಳು.

"ಸುಳ್ಳು ಹೇಳ್ಬೇಕಿತ್ತೇನಮ್ಮ?" ಎಂದರು ಮೇಷ್ಟ್ರು ನನಗೆ.

ಉತ್ತರ ಕೊಟ್ಟವಳು ಅಕ್ಕ. "ಬೇಡ ಮೇಷ್ಟ್ರೇ. ಭಾನುವಾರ ಹೋದಾಗ ಹುಡುಗನ ಹತ್ರ ನಾನೇ ಹೇಳೋಳಿದ್ದೆ. ಅದು ನಾನು ಹೇಳ್ಬೇಕಾದ ಮಾತು. ನೀವು ತಗೊಂಡ್ಬಿಟ್ರಿ."

ಮೇಷ್ಟ್ರು ಹಜಾರದಲ್ಲಿದ್ದ ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸಿದರು. "ಸತ್ಯ ಹೇಳ್ದೆ ಅಂತ ಸಮಾಧಾನವಾಗಿದ್ದೆ. ಕದ್ದಿದ್ದು ಹೊಳೀಲೇ ಇಲ್ಲ ತಾಯಿ," ಎಂದರು.

ಮರುದಿನ ಬೆಳಗಿನ ರೈಲಿಗೆ ಭದ್ರಾವತಿಗೆ ಹೋಗಿ, ಅಕ್ಕನ ಮಾತನ್ನು ಒಮ್ಮೆ ಕೇಳು ಎಂದು ಹುಡುಗನನ್ನು ಬೇಡಿಕೊಂಡರಂತೆ. ಅವನು ಅಪ್ಪನ ಮುಖ ನೋಡಿ ಎದ್ದು ಒಳಗೆ ಹೋದನಂತೆ. ಆಮೇಲೆ ಮೇಷ್ಟ್ರು ಯಾರಿಗೂ ಯೋಗ ಕಲಿಸಲಿಲ್ಲ. ಅದಕ್ಕೂ ನನಗೆ ಸಿಟ್ಟು. ತಪ್ಪು ಒಪ್ಪಿಕೊಂಡ ಮನುಷ್ಯ ಅಕ್ಕನಿಂದ ಆ ಬೆಳಗುಗಳನ್ನೂ ಯಾಕೆ ಕಿತ್ತುಕೊಳ್ಳಬೇಕಿತ್ತು?

ಅಕ್ಕ ಮದುವೆಯಾಗಲಿಲ್ಲ; ಟೀಚರ್ ಆದಳು. ಕೆಲವು ವರ್ಷಗಳ ಮೇಲೆ ಮೇಷ್ಟ್ರು ಕುಂಸಿಯಲ್ಲಿ ಮಗಳ ಮನೆ ಸೇರಿ ಹಾಸಿಗೆ ಹಿಡಿದಾಗ ಅವಳು ಬಸ್ಸು ಹತ್ತಿ ಹೋಗಿ ನೋಡಿಬಂದಳು. ನನ್ನನ್ನೂ ಕರೆದಿದ್ದಳು. ನಾನು ಹೋಗಲಿಲ್ಲ. ಏನು ಮಾತಾಡಿದಿರಿ ಎಂದು ಕೇಳಲೂ ಇಲ್ಲ. ಅದೇ ತಿಂಗಳು ಅವರು ತೀರಿಕೊಂಡರು.

ಈಗ ಅಕ್ಕನೂ ಹೋಗಿ ಎರಡು ವರ್ಷವಾಯಿತು. ಅವಳು ಅವರನ್ನು ಕ್ಷಮಿಸಿದ್ದಳೇ... ಅಂದು ಕೇಳಿದ್ದರೆ ಹೇಳುತ್ತಿದ್ದಳು. ಕೇಳದೆ ಬಿಟ್ಟವಳು ನಾನು. ಸಿಟ್ಟು ಮಾತ್ರ ಈಗಲೂ ಅವರ ಮೇಲೆಯೇ.