ಹಂಪಿ ಎಂದು ಕೂಗಿದಾಗ

ತಮ್ಮನ ಎರಡನೇ ಮಗಳಿಗೆ ‘ಹಂಪಿ’ ಅಂತ ಹೆಸರಿಡುತ್ತಾರೆಂದು ಕೇಳಿ ನನಗೆ ಮೈಯೆಲ್ಲ ಉರಿಯಿತು. ಮಗುವಿನ ಹೆಸರೋ, ಬಸ್ಸಿನ ಬೋರ್ಡೋ? ಹಂಪಿಯ ದೇವಿಗೆ ಹರಕೆ ಹೊತ್ತು ಹೆತ್ತ ಹೆಣ್ಣುಮಕ್ಕಳಿಗೆಲ್ಲ ಹಿಂದೆ ಹಂಪಮ್ಮ ಅಂತಲೇ ಹೆಸರು. ಕಂಪ್ಲಿ ಸಂತೆಯಲ್ಲಿ ಹಾಗೆ ಕೂಗಿದರೆ ಇವತ್ತಿಗೂ ನಾಲ್ಕು ಮುದುಕಿಯರು ತಿರುಗಿ ನೋಡುತ್ತಾರೆ. ನಮ್ಮಪ್ಪನ ತಾಯಿಯೂ ಹಂಪಮ್ಮನೇ. ನಮ್ಮ ಕಾಲಕ್ಕೆ ನಗೆಪಾಟಲಾಗಿದ್ದ ಆ ಹೆಸರು ಈಗ ಬಾಲ ಕತ್ತರಿಸಿಕೊಂಡು ಫ್ಯಾಷನ್ ಆಗಿದೆ. ಸಂಡೂರಿನ ಗಣಿ ಆಫೀಸಿನಲ್ಲಿ ಕೆಲಸ ಮಾಡುವ ತಮ್ಮನ ಹೆಂಡತಿ, ತನ್ನ ಗೆಳತಿಯರ ಮನೆಗಳಲ್ಲೇ ಇಬ್ಬರು ಹಂಪಿಯರಿದ್ದಾರೆ ಎಂದಳು. ಅವ್ವ ಮಾತ್ರ ಆ ಮಾತು ಕೇಳುತ್ತಲೇ ಎದ್ದು ಅಡುಗೆಮನೆಗೆ ಹೋದಳು.

ಹೆಸರು ಕರೆಯುವುದು ಸೋದರತ್ತೆಯ ಹಕ್ಕು, ಅಂದರೆ ನನ್ನದು. ಎಮ್ಮಿಗನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ತೊಟ್ಟಿಲಿಗೆ ಬಾಗಿ, ಮಗುವಿನ ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಉಸುರಿದೆ. ಪದ್ಧತಿಯಂತೆ ಹೆಂಗಸರು ನನ್ನ ಬೆನ್ನಿಗೆ ಗುದ್ದು ಹಾಕಿದರು. ಆ ಸಿಟ್ಟಿಗೇ ‘ಹಂಪೀ’ ಅಂತ ಗಟ್ಟಿಯಾಗಿ ಕೂಗಿಬಿಟ್ಟೆ.

“ಓ, ಬಂದೆ,” ಅಂತ ಅಡುಗೆಮನೆಯಿಂದ ಅವ್ವ ಓಗೊಟ್ಟಳು.

ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತ ಮೇಲೆ ಅವಳಿಗೆ ಎಚ್ಚರವಾಯಿತು. ನಾನು ಹುಟ್ಟಿದಾಗಿನಿಂದ ಕೇಳಿದ ಅವಳ ಹೆಸರೇ ಬೇರೆ. ವಯಸ್ಸಾಯಿತು, ತಲೆಗೇನೋ ಆಯಿತು ಅಂತ ಹೆದರಿದೆ.

ತಲೆ ನೆಟ್ಟಗೇ ಇತ್ತು. ಕಡ್ಡಿರಾಂಪುರದ ತವರಿನಲ್ಲಿ ಅವಳ ಹೆಸರು ಹಂಪಮ್ಮ, ಎಲ್ಲರ ಬಾಯಲ್ಲೂ ಹಂಪಿ ಆಗಿತ್ತಂತೆ. ಅತ್ತೆಯದೂ ಅದೇ ಹೆಸರು. ತಾಯಿಯ ಹೆಸರು ಹಿಡಿದು ಗಂಡ ಹೆಂಡತಿಯನ್ನು ಕರೆಯುವುದು ಹೇಗೆಂದು ಮದುವೆಯ ದಿನವೇ ಬೇರೆ ಹೆಸರಿಟ್ಟರು. ತವರಿನವರೂ ಹಳೆಯದನ್ನು ಬಿಟ್ಟರು. ಸೊಸೆ ಅತ್ತೆಯ ಹೆಸರೆತ್ತಬಾರದಲ್ಲ, ಹಾಗಾಗಿ ತನ್ನ ಹೆಸರನ್ನು ಅವಳೂ ಬಾಯಿಬಿಟ್ಟು ಆಡಲಿಲ್ಲ. ಹೆತ್ತ ತಾಯಿಯ ಹೆಸರು ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು.

ತಮ್ಮನ ಹೆಂಡತಿ ಬಿಳಿಚಿಕೊಂಡಳು. ಈಗ ಅದು ಅವಳ ಅತ್ತೆಯ ಹೆಸರು. ಮಗಳನ್ನು ಅವಳೂ ಹಾಗೆ ಕರೆಯುವಂತಿಲ್ಲ. ಬೇರೆ ಹೆಸರಿಡೋಣ ಎಂದು ಮೆಲ್ಲಗೆ ಅಂದಳು.

“ಬ್ಯಾಡವಾ, ಬದ್ಲಿ ಮಾಡಬ್ಯಾಡ್ರಿ,” ಅಂದಳು ಅವ್ವ. “ನನ್ ಮುಂದನ ಕರಿ. ಭಾಳ ವರ್ಷ ಆತು ನಾ ಕೇಳಿ.”

ಆಮೇಲೆ ಕೈ ಒರೆಸಿಕೊಂಡು ತಾನೇ ಕರೆಯಲು ತೊಟ್ಟಿಲಿಗೆ ಬಾಗಿದಳು. ತುಟಿ ಅಲುಗಿತು. ಅತ್ತೆ ಸತ್ತು ಎಷ್ಟೋ ವರ್ಷಗಳಾಗಿದ್ದರೂ ಆ ಹೆಸರು ಅವಳ ಬಾಯಿಂದ ಹೊರಡಲಿಲ್ಲ.