ನಂಬರು ಬರೆದಿಟ್ಟ ವಹಿ

ತೊಂಬತ್ತರ ದಶಕದಲ್ಲಿ ಪುಣೆಯ ಬಿಬವೇವಾಡಿಯಲ್ಲಿ ನನ್ನದೊಂದು ಎಸ್‌ಟಿಡಿ ಬೂತು ಇತ್ತು. ಐದನೆಯ ಇಯತ್ತೆಗೆ ಸಾಲೆ ಬಿಟ್ಟು, ಹನ್ನೆರಡು ವರ್ಷ ಇಟ್ಟಿಗೆ ಹೊತ್ತು ಹಾಕಿದ ಬೂತು. ಯಾರ ಕೈಕಾಲು ಹಿಡಿದು ಪಡೆದದ್ದಲ್ಲ. ಗಿರಾಕಿಗಳು ಹೆಚ್ಚಾಗಿ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಬಹಳ ಜನಕ್ಕೆ ಅಂಕಿ ಓದಲು ಬರುತ್ತಿರಲಿಲ್ಲ. ಅವರವರ ಊರಲ್ಲಿ ಫೋನಿದ್ದ ಅಂಗಡಿಯ ನಂಬರು, ಅಲ್ಲಿಗೆ ಯಾರನ್ನು ಕರೆಸಬೇಕು ಎಂಬುದನ್ನೆಲ್ಲ ಒಂದು ವಹಿಯಲ್ಲಿ ಬರೆದಿಟ್ಟಿದ್ದೆ. “ನಮ್ಮೂರಿಗಿ ಹಚ್ಚರಿ” ಎಂದರೆ ಸಾಕಿತ್ತು. ಅಂಥ ವಹಿ ಬೇರೆ ಯಾವ ಬೂತಿನಲ್ಲೂ ಇರಲಿಲ್ಲ.

ಒಂದು ಕಟ್ಟಡದ ಮೇಲಿನಿಂದ ಆಳೊಬ್ಬ ಬಿದ್ದು ಸತ್ತ. ಸತ್ತವನ ಮನೆಯವರಿಗೆ ಪರಿಹಾರ ಕೊಡಿ ಎಂದು ಅಲ್ಲಿಯ ಗೌಂಡಿಯೊಬ್ಬ ಎಲ್ಲರ ಕೆಲಸ ನಿಲ್ಲಿಸಿದ. ಗುತ್ತಿಗೆದಾರ ಅವನ ಮೇಲೆ ದೂರು ಕೊಟ್ಟ ಮೇಲೆ ಗೌಂಡಿ ಪುಣೆ ಬಿಟ್ಟ. ಅವನ ಹೆಂಡತಿ ಮಾತ್ರ ಇಲ್ಲೇ ಇದ್ದಳು. ವಾರಕ್ಕೆರಡು ಸಲ ಬಂದು ತನ್ನ ತವರೂರಿಗೆ ಫೋನು ಹಚ್ಚಿಸುತ್ತಿದ್ದಳು. ಆ ಕಡೆ ಮಾತಾಡುವವನು ಯಾರೆಂದು ನನಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಪೊಲೀಸಿನವನೊಬ್ಬ ಸಾದಾ ಬಟ್ಟೆಯಲ್ಲಿ ಬಂದ. ಅವಳು ಎಲ್ಲಿಗೆ ಫೋನು ಮಾಡುತ್ತಾಳೆಂದು ಮರಾಠಿಯಲ್ಲಿ ಕೇಳಿದ. ಸಾಹೇಬರ ಕಾಗದ ಏನಾದರೂ ತಂದಿದ್ದೀರಾ ಎಂದೆ.

“ವಕೀಲ ಆಹೇಸ್ ಕಾ ತೂ?” ಎಂದು ನಕ್ಕ. ನೀನೇನು ವಕೀಲನೋ ಅಂತ. ಆಮೇಲೆ ವಹಿ ಎಳೆದುಕೊಂಡು ತಿರುವಿದ.

“ಅಕ್ಷರ ಛಾನ್ ಆಹೇ, ಶೇಠ್.”

ನನ್ನ ಅಕ್ಷರವನ್ನು ಯಾರೂ ಚಂದ ಅಂದಿರಲಿಲ್ಲ. ಶೇಠ್ ಅಂತಲೂ ಯಾರೂ ಕರೆದಿರಲಿಲ್ಲ. ಆ ಪುಟ ಅವನಿಗೆ ಸಿಗುತ್ತಿತ್ತೋ ಇಲ್ಲವೋ. ನಾನೇ ತೆಗೆದು ಬೆರಳಿಟ್ಟು ತೋರಿಸಿದೆ.

ಮೂರನೆಯ ದಿನ ತವರೂರಿನ ಅಂಗಡಿ ಮುಂದೆಯೇ ಗೌಂಡಿಯನ್ನು ಹಿಡಿದರು. ಸುದ್ದಿ ಕೇಳಿದಾಗ ನಾನು ಊಟಕ್ಕೆ ಕೂತಿದ್ದೆ. ಪುಂಡಿಪಲ್ಯ ಇತ್ತು. ಪೂರ್ತಿ ಉಂಡೆ.

ತಿಂಗಳಾದ ಮೇಲೆ ಅವಳು ಬಂದಳು.

“ಬಾ ತಂಗಿ, ಎಲ್ಲಿಗಿ ಹಚ್ಚಲಿ?”

“ನಾನೇ ಹಚ್ತೀನ್ರಿ ಅಣ್ಣಾ. ಅಂಕಿ ಕಲ್ತೀನಿ.”

“ಯಾವಾಗ ಕಲ್ತಿ?”

“ಕಲೀಬೇಕಾಯ್ತು, ಕಲ್ತೆ.”

ಫೋನಿನ ಗುಂಡಿಗಳಿಗೆ ಸೆರಗು ಮರೆ ಮಾಡಿ ಒಂದೊಂದಾಗಿ ಒತ್ತಿದಳು. ನಡುವೆ ತಪ್ಪಿತು, ಮತ್ತೆ ಮೊದಲಿನಿಂದ ಒತ್ತಿದಳು. ಅವಳು ಒತ್ತಿದ ಅಂಕಿಯೆಲ್ಲ ನನ್ನ ಟೇಬಲ್ಲಿನ ಮೀಟರಿನಲ್ಲಿ ಕೆಂಪಗೆ ಮೂಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಮೀಟರಿನ ಮೇಲೆ ಹಾಕಿದೆ.

ಮಾತು ಮುಗಿದಾಗ ಮೀಟರಿನಿಂದ ಬಿಲ್ಲಿನ ಚೀಟಿ ಬಂತು. ನೋಡದೆ ಹರಿದು, ಮಡಚಿ ಕೊಟ್ಟೆ.

“ಇದರಾಗ ನೀ ಹಚ್ಚಿದ ನಂಬರ್ ಅದ. ಹರದು ಒಗಿ.”

ಅವಳು ಚೀಟಿಯನ್ನು ನೋಡಲಿಲ್ಲ. ವಹಿಯನ್ನು ನೋಡಿದಳು.

“ಅವರಿಗಿ ಇದನ್ನೇ ತೋರ್ಸಿದ್ರೇನು?”

“ಹೂಂ.”

ನಾನು ಅವಳ ಊರಿನ ಹಾಳೆ ಹರಿದು ಮುಂದೆ ಹಿಡಿದೆ. ಅದನ್ನೂ ಚೀಟಿಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಹಿಂದೆಯೇ ನಿಂತಿದ್ದ ಗಾರೆಯವನು ಒಳಗೆ ಬಂದ.

“ನಮ್ಮೂರಿಗಿ ಹಚ್ಚರಿ.”

ವಹಿ ತಿರುವಿದೆ. ಅವನ ಊರಿನ ನಂಬರು ನಾನು ಹರಿದುಕೊಟ್ಟ ಹಾಳೆಯ ಬೆನ್ನಿಗಿತ್ತು.

“ನಂಬರ್ ನಿನಗ ಗೊತ್ತದೇನು?” ಎಂದೆ.

“ನನಗ್ಯಾಕ್ರೀ? ನಿಮ್ಮ ವಹ್ಯಾಗ ಅದಲ್ಲ” ಎಂದ.